ಸಿದ್ಧ ಗೇಮಿಂಗ್ ಡೆಸ್ಕ್‌ಟಾಪ್‌ನಲ್ಲಿ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿದೆ: ಮೊದಲು ಏನನ್ನು ಬದಲಿಸಬೇಕು?

ಬನಶಂಕರಿ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ದೀಪಾವಳಿಯ ಹೊತ್ತಿಗೆ, ಅಂಗಡಿಯವರೇ ಜೋಡಿಸಿ ಮಾರುವ ಗೇಮಿಂಗ್ ಡೆಸ್ಕ್‌ಟಾಪ್ ಒಂದನ್ನು ಕೊಂಡೆ. ಇಂಟೆಲ್ ಕೋರ್ ಐ7-13700ಎಫ್ ಪ್ರೊಸೆಸರ್, ಬಿ760 ಮದರ್‌ಬೋರ್ಡ್, ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್, ಒಂದೇ ಫ್ಯಾನ್ ಇರುವ ಸಣ್ಣ ಟವರ್ ಕೂಲರ್ ಅದರಲ್ಲಿವೆ. ಕ್ಯಾಬಿನೆಟ್‌ನ ಮುಂಭಾಗ ಪೂರ್ತಿ ಗಾಜು. ಗಾಳಿ ಒಳಹೋಗಲು ಅಂಚಿನಲ್ಲಿ ಸಣ್ಣ ಸೀಳುಗಳಷ್ಟೇ ಇವೆ.

ಚಳಿಗಾಲದಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಟ ಮೇಲೆ ಪರಿಸ್ಥಿತಿ ಬದಲಾಗಿದೆ. ಆಟ ಆಡುವಾಗ ಪ್ರೊಸೆಸರ್‌ನ ಉಷ್ಣಾಂಶ 88ರಿಂದ 94 ಡಿಗ್ರಿಯ ನಡುವೆ ಇರುತ್ತದೆ. ಹೊಸ ಆಟವನ್ನು ಮೊದಲ ಬಾರಿಗೆ ತೆರೆದಾಗ, ಪರದೆಯ ಮೇಲೆ ಶೇಡರ್ (ಆಟದ ದೃಶ್ಯಗಳನ್ನು ಬಿಡಿಸುವ ಸಣ್ಣ ಪ್ರೋಗ್ರಾಂ) ಸಿದ್ಧವಾಗುತ್ತಿದೆ ಎಂಬ ಸೂಚನೆ ಬರುವ ಹೊತ್ತಿನಲ್ಲಿ, ಅದು ನೇರವಾಗಿ 100ಕ್ಕೆ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ, ಆಟದ ನಡುವೆ ಆಗಾಗ್ಗೆ ಚಿತ್ರ ತಡವರಿಸುತ್ತದೆ.

ನಮ್ಮದು ತಾರಸಿಯ ಕೆಳಗಿನ ಮನೆ, ಎಸಿ ಇಲ್ಲ. ಯಂತ್ರವು ಕಂಪ್ಯೂಟರ್ ಮೇಜಿನ ಕೆಳಗೆ, ಸಿಪಿಯುಗೆಂದೇ ಮಾಡಿರುವ ಗೂಡಿನಲ್ಲಿದೆ. ಅಂಗಡಿಯವರನ್ನು ಕೇಳಿದರೆ ಈ ಪ್ರೊಸೆಸರ್‌ಗೆ 100 ಡಿಗ್ರಿ ಸಹಜ ಎಂದು ಫೋನ್ ಇಟ್ಟರು. ಇದು ನಿಜವೇ? ಹೊಸ ಕೂಲರ್ ಕೊಳ್ಳಬೇಕೇ, ಅಥವಾ ಹಣ ಖರ್ಚು ಮಾಡುವ ಮೊದಲು ಮಾಡಬಹುದಾದದ್ದು ಏನಾದರೂ ಇದೆಯೇ? ವಾರಂಟಿ ಇನ್ನೂ ಇರುವುದರಿಂದ ಕ್ಯಾಬಿನೆಟ್ ತೆರೆಯಲು ಹಿಂಜರಿಯುತ್ತಿದ್ದೇನೆ.

ಹಾರ್ಡ್‌ವೇರ್ ಹವ್ಯಾಸಿ

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. 100 ಡಿಗ್ರಿ ಎಂಬುದು ಈ ಪ್ರೊಸೆಸರ್‌ಗೆ ತಯಾರಕರೇ ನಿಗದಿಪಡಿಸಿರುವ ಗರಿಷ್ಠ ಮಿತಿ. ಅದನ್ನು ಮುಟ್ಟಿದ ಕೂಡಲೇ ಪ್ರೊಸೆಸರ್ ತನ್ನ ವೇಗವನ್ನೂ ವಿದ್ಯುತ್ ಬಳಕೆಯನ್ನೂ ತಾನಾಗಿಯೇ ತಗ್ಗಿಸಿಕೊಂಡು ಮಿತಿಯೊಳಗೆ ಉಳಿಯುತ್ತದೆ, ಆದ್ದರಿಂದ ಇಂದೋ ನಾಳೆಯೋ ಸುಟ್ಟುಹೋಗುತ್ತದೆ ಎಂಬ ಭಯ ಬೇಡ. ಆದರೆ ಮಿತಿಯನ್ನು ಮುಟ್ಟುವುದು ಬೇರೆ, ದಿನವೂ ಮಿತಿಯ ಮೇಲೆಯೇ ದುಡಿಯುವುದು ಬೇರೆ. ಎರಡನೆಯದನ್ನು ಸಹಜ ಎಂದು ಹೇಳಿ ಗ್ರಾಹಕನನ್ನು ಸಾಗಹಾಕುವುದು ಸರಿಯಲ್ಲ. ಹೆಚ್ಚು ವೋಲ್ಟೇಜ್ ಮತ್ತು ಹೆಚ್ಚು ಬಿಸಿ ಒಟ್ಟಾಗಿ ಚಿಪ್‌ನ ಸವೆತವನ್ನು ಹೆಚ್ಚಿಸುತ್ತವೆ.

ಈ ಪ್ರೊಸೆಸರ್‌ನ ವಿವರಪಟ್ಟಿಯಲ್ಲಿ 65 ವ್ಯಾಟ್ ಎಂದು ಕಾಣುವುದು ಮೂಲ ವೇಗದಲ್ಲಿನ ಬಳಕೆ ಮಾತ್ರ. ಟರ್ಬೊ ವೇಗದಲ್ಲಿ, ಅಂದರೆ ಹೆಚ್ಚು ಕೆಲಸವಿದ್ದಾಗ ತಾನಾಗಿ ಏರುವ ವೇಗದಲ್ಲಿ, ಇಂಟೆಲ್ ಸೂಚಿಸುವ ಗರಿಷ್ಠ ಬಳಕೆ 219 ವ್ಯಾಟ್. ಸಿದ್ಧ ಯಂತ್ರಗಳನ್ನು ಜೋಡಿಸುವವರಲ್ಲಿ ಅನೇಕರು ಮೊದಲ ಸಂಖ್ಯೆಯನ್ನು ನೋಡಿ ಕೂಲರ್ ಆರಿಸುತ್ತಾರೆ, ಮದರ್‌ಬೋರ್ಡ್ ಮಾತ್ರ ಎರಡನೆಯದನ್ನೂ ಮೀರಲು ಬಿಟ್ಟಿರುತ್ತದೆ. ಕೆಲವು ಬೋರ್ಡ್‌ಗಳ ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ, ಬೋರ್ಡ್‌ನದೇ ಮೂಲ ತಂತ್ರಾಂಶ) ವಿದ್ಯುತ್ ಮಿತಿಯ ಜಾಗದಲ್ಲಿ 4095 ವ್ಯಾಟ್ ಎಂದು ಇರುವುದನ್ನು ನಾನೇ ನೋಡಿದ್ದೇನೆ. ಅಂದರೆ ಮಿತಿಯೇ ಇಲ್ಲ ಎಂದರ್ಥ. ಸಣ್ಣ ಟವರ್ ಕೂಲರ್‌ನಿಂದ ಅಷ್ಟು ಶಾಖವನ್ನು ಹೊರಹಾಕುವುದು ಸಾಧ್ಯವಿಲ್ಲ.

ಹಾಗೆಂದು ಈಗಲೇ ಕೂಲರ್ ಕೊಳ್ಳಬೇಡಿ. ಬಿಸಿ ಎಲ್ಲಿ ಸಿಲುಕಿಕೊಂಡಿದೆ ಎಂಬುದು ಗೊತ್ತಾಗದೆ ಖರ್ಚು ಮಾಡಿದರೆ ಹಣವೂ ಹೋಗುತ್ತದೆ, ಬಿಸಿಯೂ ಉಳಿಯುತ್ತದೆ. ಹೆಚ್‌ಡಬ್ಲ್ಯೂಇನ್ಫೊ64 ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಆರ್23ರ ಹತ್ತು ನಿಮಿಷದ ಪರೀಕ್ಷೆಯನ್ನು ನಡೆಸಿ. ಮೊದಲು ಯಂತ್ರ ಗೂಡಿನಲ್ಲಿಯೇ ಇರಲಿ, ಆಮೇಲೆ ಅದನ್ನು ಹೊರಗೆ ತೆರೆದ ಜಾಗದಲ್ಲಿ ಇಟ್ಟು ಮಾಡಿ, ಕೊನೆಗೆ ಪಕ್ಕದ ಗಾಜನ್ನು ತೆಗೆದು ಮಾಡಿ. ಪ್ರತಿ ಸಲವೂ ಕೋಣೆಯ ಉಷ್ಣಾಂಶ, ಪ್ರೊಸೆಸರ್ ಪ್ಯಾಕೇಜ್‌ನ (ಅಂದರೆ ಇಡೀ ಚಿಪ್‌ನ) ಉಷ್ಣಾಂಶ ಮತ್ತು ಪ್ಯಾಕೇಜ್ ಬಳಸುತ್ತಿರುವ ವಿದ್ಯುತ್ತು, ಈ ಮೂರನ್ನೂ ಬರೆದುಕೊಳ್ಳಿ. ಉಷ್ಣಾಂಶವನ್ನು ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಮೂರು ಸಲವೂ ಅದು 100 ಎಂದೇ ತೋರಿಸಬಹುದು. 100ರಲ್ಲಿ ನಿಂತಾಗ ಎಷ್ಟು ವ್ಯಾಟ್ ಉಳಿಯುತ್ತದೆ ಎಂಬುದೇ ನಿಜವಾದ ಅಳತೆ.

ಪಕ್ಕದ ಗಾಜು ಕೈಯಿಂದಲೇ ತಿರುಗಿಸುವ ಸ್ಕ್ರೂಗಳಿಂದ ಕೂಡಿದ್ದು, ಅದರ ಮೇಲೆ ಸೀಲ್ ಇಲ್ಲದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೂ ಸ್ವಚ್ಛಗೊಳಿಸಲು ತೆರೆಯಬಹುದೇ ಎಂದು ಅಂಗಡಿಗೆ ಇಮೇಲ್‌ನಲ್ಲಿ ಕೇಳಿ, ಬರಹದಲ್ಲಿಯೇ ಉತ್ತರ ಪಡೆಯಿರಿ. ಫೋನಿನಲ್ಲಿ ಹೇಳಿದ ಮಾತಿಗೆ ಮುಂದೆ ಯಾರೂ ಹೊಣೆಯಾಗುವುದಿಲ್ಲ.

ವಿಜಯನಗರದ ಎಂಜಿನಿಯರ್

ಮೇಲಿನ ಸಲಹೆಗೆ ನನ್ನ ಪೂರ್ಣ ಸಹಮತವಿದೆ. ನಮ್ಮ ಊರಿನ ಮಟ್ಟಿಗೆ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಗಾಳಿಯಿಂದ ತಣಿಯುವ ಯಾವ ಯಂತ್ರವೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಕೂಲರ್ ನಿರ್ಧರಿಸುವುದು ಕೋಣೆಯ ಉಷ್ಣಾಂಶದ ಮೇಲೆ ಎಷ್ಟು ಡಿಗ್ರಿ ಏರಬೇಕು ಎಂಬುದನ್ನು ಮಾತ್ರ. ಆದ್ದರಿಂದ ಜನವರಿಯಲ್ಲಿ 23 ಡಿಗ್ರಿ ಇದ್ದ ಕೋಣೆ ಏಪ್ರಿಲ್‌ನಲ್ಲಿ 33 ಆದರೆ, ಅದೇ ಕೆಲಸಕ್ಕೆ ಪ್ರೊಸೆಸರ್ ಕೂಡ ಹತ್ತಿರ ಹತ್ತಿರ 10 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಚಳಿಗಾಲದಲ್ಲಿ ಕಾಣದ ತೊಂದರೆ ಈಗ ಕಾಣಿಸಲು ಯಂತ್ರದಲ್ಲಿ ಹೊಸದಾಗಿ ಏನೂ ಕೆಡಬೇಕಾಗಿಲ್ಲ. ಬೆಂಗಳೂರು ತಂಪಾದ ಊರು ಎಂಬ ಹಳೆಯ ನಂಬಿಕೆಯ ಮೇಲೆ ಯಂತ್ರವನ್ನು ಆರಿಸುವ ಕಾಲ ಇದಲ್ಲ. 2016ರ ಏಪ್ರಿಲ್‌ನಲ್ಲಿ ನಗರದಲ್ಲಿ 39.2 ಡಿಗ್ರಿ ದಾಖಲಾಗಿತ್ತು. ತಾರಸಿಯ ಕೆಳಗಿನ ಮನೆಗಳಲ್ಲಿ ಕಾಂಕ್ರೀಟ್ ಹಗಲೆಲ್ಲ ಹೀರಿಕೊಂಡ ಬಿಸಿಯನ್ನು ಸಂಜೆಯಿಂದ ರಾತ್ರಿಯವರೆಗೆ ಒಳಗೆ ಬಿಡುತ್ತದೆ, ನಾವು ಕೆಲಸ ಮುಗಿಸಿ ಆಟಕ್ಕೆ ಕೂರುವುದೂ ಅದೇ ಹೊತ್ತಿನಲ್ಲಿ. ಸಾಧ್ಯವಿದ್ದರೆ ತಾರಸಿಗೆ ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿ ಬಣ್ಣ ಬಳಿಸಿ. ಮನೆಯವರಿಗೆಲ್ಲ ಅದರಿಂದ ಹಿತವಾಗುತ್ತದೆ, ಯಂತ್ರಕ್ಕೂ ಲಾಭವಾಗುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿ ಹೆಚ್ಚು ಜನ ಗಮನಿಸುವುದಿಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ ಇರುತ್ತದೆ, ಆದ್ದರಿಂದ ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ಅದು ತಳ್ಳುವ ಗಾಳಿಯ ತೂಕ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಇದರಿಂದಾಗುವ ವ್ಯತ್ಯಾಸ ಕೆಲವೇ ಡಿಗ್ರಿ. ಆದರೂ ಕರಾವಳಿಯ ಊರಿನಲ್ಲೋ ಎಸಿ ಕೋಣೆಯಲ್ಲೋ ಕುಳಿತು ಮಾಡಿದ ವಿಮರ್ಶೆಯ ಸಂಖ್ಯೆಗಳು ನಿಮ್ಮ ಮನೆಯಲ್ಲಿ ಹಾಗೆಯೇ ಬರುತ್ತವೆ ಎಂದು ನಿರೀಕ್ಷಿಸಬೇಡಿ.

ಮೇಜಿನ ಗೂಡಿನ ಬಗ್ಗೆ ಖಡಾಖಂಡಿತವಾಗಿ ಹೇಳಬೇಕಾಗಿದೆ. ಹಿಂದೆ ಹಲಗೆ ಹೊಡೆದ ಆ ಗೂಡುಗಳನ್ನು ವಿನ್ಯಾಸಗೊಳಿಸಿದ ಕಾಲದಲ್ಲಿ ಮನೆಯ ಕಂಪ್ಯೂಟರ್‌ಗಳು ಇಷ್ಟು ವಿದ್ಯುತ್ತನ್ನು ಬಳಸುತ್ತಿರಲಿಲ್ಲ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಒಂದೇ 200 ವ್ಯಾಟ್‌ವರೆಗೆ ಬಳಸುತ್ತದೆ, ಅದಷ್ಟೂ ಶಾಖವಾಗಿ ಅದೇ ಪೆಟ್ಟಿಗೆಯೊಳಗೆ ಬಂದು ಬೀಳುತ್ತದೆ. ಹಿಂದಿನ ಫ್ಯಾನ್ ಹೊರಗೆ ತಳ್ಳಿದ ಬಿಸಿಗಾಳಿ ಹಲಗೆಗೆ ಬಡಿದು ಮುಂದಕ್ಕೆ ಸುತ್ತಿಬಂದು ಮತ್ತೆ ಒಳಗೇ ಹೋಗುತ್ತದೆ. ಬೇರೇನು ಮಾಡಿದರೂ ಮಾಡದಿದ್ದರೂ ಯಂತ್ರವನ್ನು ಇಂದೇ ಅಲ್ಲಿಂದ ಹೊರಗೆ ತೆಗೆಯಿರಿ.

ಬನಶಂಕರಿ ನಿವಾಸಿ (ಪ್ರಶ್ನೆ ಕೇಳಿದವರು)

ಇಬ್ಬರಿಗೂ ಧನ್ಯವಾದಗಳು. ಸೀಲ್ ಇಲ್ಲದ ಕಾರಣ ಗಾಜನ್ನು ತೆಗೆದೇ ಅಳೆದೆ. ಪರೀಕ್ಷೆಯ ಹೊತ್ತಿಗೆ ಕೋಣೆಯಲ್ಲಿ 31 ಡಿಗ್ರಿ ಇತ್ತು. ನೀವು ಹೇಳಿದಂತೆ ಮೂರು ಸಲವೂ ಉಷ್ಣಾಂಶ 100ಕ್ಕೆ ಬಂದು ನಿಂತಿತು, ಆದರೆ ವ್ಯಾಟ್ ಬೇರೆ ಬೇರೆ. ಗೂಡಿನಲ್ಲಿದ್ದಾಗ ಕೊನೆಗೆ ಉಳಿದದ್ದು 130, ಹೊರಗೆ ಇಟ್ಟಾಗ 142, ಗಾಜು ತೆಗೆದಾಗ 150. ಆರಂಭದ ಕ್ಷಣಗಳಲ್ಲಿ ಅದು 180ನ್ನು ದಾಟಿತ್ತು. ಪ್ರೊಸೆಸರ್‌ನ ಕೋರ್‌ಗಳ ಉಷ್ಣಾಂಶದ ನಡುವಿನ ವ್ಯತ್ಯಾಸ ಹೆಚ್ಚೆಂದರೆ 8 ಡಿಗ್ರಿ. ಬಯಾಸ್‌ನಲ್ಲಿ ವಿದ್ಯುತ್ ಮಿತಿಗಳಾದ ಪಿಎಲ್1, ಪಿಎಲ್2 ಎರಡೂ 4095 ಎಂದೇ ಇವೆ.

ಹಾರ್ಡ್‌ವೇರ್ ಹವ್ಯಾಸಿ

ಇಷ್ಟು ಅಚ್ಚುಕಟ್ಟಾಗಿ ಅಳೆದು ಕೊಟ್ಟದ್ದರಿಂದ ಊಹೆಗೆ ಜಾಗವೇ ಉಳಿಯಲಿಲ್ಲ. ಗಾಜು ತೆಗೆದಾಗ ಕೂಲರ್‌ಗೆ ಸಿಗುವುದು ಹೆಚ್ಚುಕಡಿಮೆ ಕೋಣೆಯದೇ ಗಾಳಿ. ಆಗ 31ರಿಂದ 100ಕ್ಕೆ, ಅಂದರೆ 69 ಡಿಗ್ರಿ ಏರಿಕೆಯಲ್ಲಿ, ಅದು 150 ವ್ಯಾಟ್ ಹೊರಹಾಕಿದೆ. ಪ್ರತಿ ವ್ಯಾಟ್‌ಗೆ ಸುಮಾರು 0.46 ಡಿಗ್ರಿ ಏರಿಕೆ ಎಂದಾಯಿತು. ಈ ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಉಳಿದದ್ದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಗಾಜು ಮುಚ್ಚಿದಾಗ 142 ವ್ಯಾಟ್‌ಗೆ ಏರಿಕೆ 65 ಡಿಗ್ರಿ ಆಗುವುದರಿಂದ, ಕ್ಯಾಬಿನೆಟ್‌ನ ಒಳಗಿನ ಗಾಳಿ 35ರ ಆಸುಪಾಸಿನಲ್ಲಿದೆ. ಗೂಡಿನಲ್ಲಿದ್ದಾಗ ಅದು 40. ಅದೂ ಗ್ರಾಫಿಕ್ಸ್ ಕಾರ್ಡ್ ಸುಮ್ಮನಿದ್ದಾಗ! ಆಟದ ವೇಳೆ ಇನ್ನೂ ಹೆಚ್ಚಿರುತ್ತದೆ.

ಹಾಗಾಗಿ ಗೂಡಿನಿಂದ 5 ಡಿಗ್ರಿ, ಮುಚ್ಚಿದ ಮುಂಭಾಗದಿಂದ 4 ಡಿಗ್ರಿ ನಷ್ಟವಾಗುತ್ತಿದೆ. ಉಳಿದದ್ದೆಲ್ಲ ಸಣ್ಣ ಕೂಲರ್ ಮತ್ತು ಮಿತಿಯಿಲ್ಲದ ವಿದ್ಯುತ್ ಬಳಕೆಯ ನಡುವಿನ ಹೊಂದಾಣಿಕೆಯ ಕೊರತೆ.

ಈಗ ಬಯಾಸ್‌ಗೆ ಹೋಗಿ ಪಿಎಲ್1 ಅನ್ನು 115 ವ್ಯಾಟ್‌ಗೆ, ಪಿಎಲ್2 ಅನ್ನು 140 ವ್ಯಾಟ್‌ಗೆ, ಅವಧಿಯನ್ನು 28 ಸೆಕೆಂಡ್‌ಗೆ ಇಳಿಸಿ. ಮೊದಲನೆಯದು ನಿರಂತರ ಬಳಕೆಯ ಮಿತಿ, ಎರಡನೆಯದು ಈ 28 ಸೆಕೆಂಡ್‌ನ ಅಲ್ಪಾವಧಿಯದು. ಲೆಕ್ಕದ ಪ್ರಕಾರ, ಹೊರಗಿಟ್ಟ ಯಂತ್ರದಲ್ಲಿ 35ಕ್ಕೆ 53 ಸೇರಿ 88 ಡಿಗ್ರಿ ಆಗಬೇಕು, ಅದೂ ಎಲ್ಲ 16 ಕೋರ್‌ಗಳೂ ಪೂರ್ತಿ ದುಡಿಯುವ ಪರೀಕ್ಷೆಯಲ್ಲಿ. ಆಟಗಳು ಎಲ್ಲ ಕೋರ್‌ಗಳನ್ನೂ ಹೀಗೆ ತುಂಬುವುದು ಅಪರೂಪ. ಈ ದರ್ಜೆಯ ಪ್ರೊಸೆಸರ್ ಆಟದಲ್ಲಿ ಸಾಮಾನ್ಯವಾಗಿ 100 ವ್ಯಾಟ್‌ನ ಆಸುಪಾಸಿನಲ್ಲಿ ಇರುತ್ತದೆ, ಆದ್ದರಿಂದ ಈ ಮಿತಿಯಿಂದ ಸೆಕೆಂಡಿಗೆ ಮೂಡುವ ಫ್ರೇಮ್‌ಗಳಲ್ಲಿ ಎದ್ದುಕಾಣುವ ಇಳಿಕೆ ಆಗಲಾರದು. ಶೇಡರ್ ಸಿದ್ಧಪಡಿಸುವ ಕೆಲಸ ಮಾತ್ರ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಅದು ಕೊಂಚ ನಿಧಾನವಾಗಬಹುದು.

ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು ಶೇ. 99 ಮಾಡಿ ಎಂಬ ಸಲಹೆ ನಿಮಗೆ ಅನೇಕ ಕಡೆ ಸಿಗುತ್ತದೆ. ದಯವಿಟ್ಟು ಅದನ್ನು ಅನುಸರಿಸಬೇಡಿ. ಅದು ಟರ್ಬೊವನ್ನೇ ನಿಲ್ಲಿಸಿಬಿಡುತ್ತದೆ. ಬಿಸಿ ಇಳಿಯುತ್ತದೆ ನಿಜ, ಆದರೆ 5 ಗಿಗಾಹರ್ಟ್ಸ್‌ಗೂ ಮೀರಿ ಓಡಬಲ್ಲ ಪ್ರೊಸೆಸರ್ 2.1 ಗಿಗಾಹರ್ಟ್ಸ್‌ನ ಮೂಲ ವೇಗಕ್ಕೆ ಕುಸಿಯುತ್ತದೆ. ಕೊಟ್ಟ ದುಡ್ಡಿನ ದೊಡ್ಡ ಪಾಲನ್ನು ನೀವೇ ಬಿಟ್ಟುಕೊಟ್ಟಂತೆ. ವೋಲ್ಟೇಜ್ ಇಳಿಸುವ ಸಲಹೆಯೂ ನಿಮಗೆ ಹೆಚ್ಚು ಒದಗುವುದಿಲ್ಲ, ಏಕೆಂದರೆ ಹೆಸರಿನ ಕೊನೆಯಲ್ಲಿ ‘ಕೆ’ ಇಲ್ಲದ ಪ್ರೊಸೆಸರ್‌ಗಳಲ್ಲಿ ಆ ಅವಕಾಶ ಬಹಳ ಸೀಮಿತ.

ಸಿ.ವಿ. ರಾಮನ್ ನಗರದ ಸಿಸ್ಟಮ್ಸ್ ಉದ್ಯೋಗಿ

ಬಯಾಸ್‌ನ ವಿಷಯ ಬಂದಿರುವುದರಿಂದ ಇದನ್ನು ಹೇಳದೆ ಇರಲಾರೆ, ನನ್ನ ದೃಷ್ಟಿಯಲ್ಲಿ ಇದು ಉಷ್ಣಾಂಶಕ್ಕಿಂತಲೂ ಮುಖ್ಯ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ, 65 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಮೂಲ ಬಳಕೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಕಾಲಕ್ರಮೇಣ ಅಸ್ಥಿರವಾಗುವ ಸಮಸ್ಯೆಯನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡಿತು. ಅದಕ್ಕೆ ಪರಿಹಾರವಾಗಿ 2024ರ ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೊಕೋಡ್‌ಗಳನ್ನು (ಪ್ರೊಸೆಸರ್‌ನ ಒಳಗಿನ ನಡೆಯನ್ನು ನಿಯಂತ್ರಿಸುವ ಸೂಚನೆಗಳು) ಬಿಡುಗಡೆ ಮಾಡಿತು. ಮದರ್‌ಬೋರ್ಡ್‌ನ ಬಯಾಸ್ ನವೀಕರಿಸಿದರೆ ಇವು ಬರುತ್ತವೆ. ಅಂಗಡಿಯ ದಾಸ್ತಾನಿನಲ್ಲಿ ಬಹುಕಾಲ ಕುಳಿತಿದ್ದ ಬೋರ್ಡ್‌ನಲ್ಲಿ ಹಳೆಯ ಬಯಾಸ್ ಇರುವ ಸಾಧ್ಯತೆ ಇದ್ದೇ ಇರುತ್ತದೆ. ನಿಮ್ಮ ಬೋರ್ಡ್‌ನಲ್ಲಿ ಮಿತಿ 4095 ಎಂದು ಇರುವುದನ್ನು ನೋಡಿದರೆ ನನಗೆ ಆ ಅನುಮಾನ ಬಲವಾಗುತ್ತದೆ, ಏಕೆಂದರೆ ಈಚಿನ ಬಯಾಸ್‌ಗಳು ಇಂಟೆಲ್ ಶಿಫಾರಸು ಮಾಡಿದ ಮಿತಿಗಳನ್ನೇ ಮೂಲ ಆಯ್ಕೆಯಾಗಿ ಕೊಡುತ್ತವೆ.

ಹೆಚ್‌ಡಬ್ಲ್ಯೂಇನ್ಫೊದ ಸಾರಾಂಶ ಪುಟದಲ್ಲಿ ಮೈಕ್ರೊಕೋಡ್‌ನ ಸಂಖ್ಯೆ ಕಾಣುತ್ತದೆ. ಅದು 12ಬಿ ಅಥವಾ ಅದರ ನಂತರದ್ದು ಆಗಿರಲಿ. ನವೀಕರಣಕ್ಕೆ ಮುನ್ನ ಯಂತ್ರವನ್ನು ಯುಪಿಎಸ್‌ಗೆ ಜೋಡಿಸಿ, ಏಕೆಂದರೆ ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿಮಳೆ ಶುರುವಾದರೆ ನಮ್ಮಲ್ಲಿ ಕರೆಂಟ್ ಹೋಗುವುದು ಯಾವ ಕ್ಷಣ ಎಂದು ಹೇಳಲಾಗದು. ಬಯಾಸ್ ಬರೆಯುವಾಗ ವಿದ್ಯುತ್ ಕಡಿತವಾದರೆ ಬೋರ್ಡ್ ಏಳದೇ ಹೋಗಬಹುದು. ನವೀಕರಣದ ನಂತರ ಹಳೆಯ ಸೆಟ್ಟಿಂಗ್‌ಗಳು ಅಳಿಸಿಹೋಗುವುದರಿಂದ, 115 ಮತ್ತು 140ರ ಮಿತಿಗಳನ್ನು ಆಮೇಲೆಯೇ ಹಾಕಿ.

ಈ ಮೈಕ್ರೊಕೋಡ್ ಮುಂದಿನ ಹಾನಿಯನ್ನು ತಡೆಯಲು ಇರುವಂಥದ್ದು, ಈಗಾಗಲೇ ಆದ ಹಾನಿಯನ್ನು ಸರಿಪಡಿಸುವುದಿಲ್ಲ. ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶದಲ್ಲಿ ತಯಾರಾದ ಆಟಗಳಲ್ಲಿ ಶೇಡರ್ ಸಿದ್ಧವಾಗುವಾಗ, ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ ವಿಡಿಯೊ ಮೆಮೊರಿ ಸಾಲದು ಎಂಬ ದೋಷಸಂದೇಶ ಬಂದು ಆಟ ಮುಚ್ಚಿಹೋಗುತ್ತಿದ್ದರೆ ಅದನ್ನು ಕಡೆಗಣಿಸಬೇಡಿ. ಇಂಟೆಲ್ ಈ ಪ್ರೊಸೆಸರ್‌ಗಳ ವಾರಂಟಿಯನ್ನು 2 ವರ್ಷ ಹೆಚ್ಚಿಸಿದೆ. ಸಿದ್ಧ ಯಂತ್ರವಾದ್ದರಿಂದ ನೀವು ಮೊದಲು ಕೇಳಬೇಕಾದದ್ದು ಯಂತ್ರವನ್ನು ಜೋಡಿಸಿ ಮಾರಿದವರನ್ನೇ. ಅವರು ಸ್ಪಂದಿಸದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬಹುದು.

ರಾಜಾಜಿನಗರದ ರಿಪೇರಿಗಾರ

ಮಿತಿ ಹಾಕುವುದು ಸರಿಯಾದ ಮೊದಲ ಹೆಜ್ಜೆ, ಆದರೆ ಅಲ್ಲಿಗೇ ನಿಲ್ಲಿಸಬೇಕೆಂಬ ಧಾಟಿಯನ್ನು ನಾನು ಒಪ್ಪುವುದಿಲ್ಲ. ಇಷ್ಟು ಬೆಲೆಯ ಪ್ರೊಸೆಸರ್ ಕೊಂಡವರು ವಿಡಿಯೊ ಎಡಿಟಿಂಗ್‌ನಂಥ ಕೆಲಸವನ್ನೂ ಮಾಡುವ ಸಾಧ್ಯತೆ ಇದೆ. ಅಲ್ಲಿ ಪ್ರತಿ ವ್ಯಾಟ್‌ಗೂ ಬೆಲೆಯಿದೆ.

ಸಿದ್ಧ ಯಂತ್ರಗಳು ರಿಪೇರಿಗೆ ಬಂದಾಗ ನಾನು ಮೊದಲು ನೋಡುವುದು ಕೂಲರ್ ಪ್ರೊಸೆಸರ್‌ನ ಮೇಲೆ ಸರಿಯಾಗಿ ಕೂತಿದೆಯೇ ಎಂಬುದನ್ನು. ಸಾಗಣೆಯಲ್ಲಿ ಅಲುಗಾಡಿ ಒತ್ತುಪಿನ್ನು ಸಡಿಲವಾಗಿರುವುದುಂಟು, ಕೂಲರ್‌ನ ತಳದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆಯೇ ಕೂರಿಸಿರುವುದೂ ಉಂಟು. ಅಂಥ ಕಡೆ ಕೋರ್‌ಗಳ ನಡುವೆ 15, 20 ಡಿಗ್ರಿಯ ಅಂತರ ಕಾಣಿಸಬಹುದು, ಇಲ್ಲವೇ ಸಣ್ಣ ಕೆಲಸಕ್ಕೂ ಉಷ್ಣಾಂಶ ಒಮ್ಮೆಲೇ ಜಿಗಿಯಬಹುದು. ನಿಮ್ಮಲ್ಲಿ 8 ಡಿಗ್ರಿ ಮಾತ್ರ ಇರುವುದರಿಂದ ಜೋಡಣೆ ಸರಿಯಾಗಿದೆ ಎಂದೇ ತೋರುತ್ತದೆ. ಕೂಲರ್ ತನ್ನ ಶಕ್ತಿಯಷ್ಟೂ ದುಡಿಯುತ್ತಿದೆ, ಶಕ್ತಿಯೇ ಸಾಲದು.

ಬದಲಿಸುವುದಾದರೆ 120 ಮಿಲಿಮೀಟರ್ ಫ್ಯಾನಿನ, ನಾಲ್ಕೈದು ಶಾಖನಳಿಕೆಗಳಿರುವ ಟವರ್ ಕೂಲರ್ ಸಾಕು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗುವ ಮುನ್ನ ಎರಡು ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಇಂಥ ಕೂಲರ್‌ಗಳ ಎತ್ತರ ಸಾಮಾನ್ಯವಾಗಿ 155 ಮಿಲಿಮೀಟರ್ ಅಥವಾ ಅದಕ್ಕೂ ತುಸು ಹೆಚ್ಚು, ನಿಮ್ಮ ಕ್ಯಾಬಿನೆಟ್‌ನ ಗಾಜು ಮುಚ್ಚಲು ಅಷ್ಟು ಜಾಗ ಇರಬೇಕು. ಇನ್ನು, ನಿಮ್ಮ ಪ್ರೊಸೆಸರ್ ಕೂರುವ ಎಲ್‌ಜಿಎ1700 ಸಾಕೆಟ್‌ನಲ್ಲಿ ಕೂಲರ್ ಕೂರಿಸುವ ರಂಧ್ರಗಳ ಅಂತರ 78 ಮಿಲಿಮೀಟರ್. ಹಿಂದಿನ ಸಾಕೆಟ್‌ಗಳಲ್ಲಿ ಅದು 75 ಇತ್ತು. ಹಳೆಯ ದಾಸ್ತಾನಿನ ಕೂಲರ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಅದು ಕೂರುವುದೇ ಇಲ್ಲ, ಅಥವಾ ಕೂತರೂ ಸರಿಯಾಗಿ ಒತ್ತುವುದಿಲ್ಲ. ಜಿಎಸ್‌ಟಿ ಬಿಲ್ ಪಡೆಯದೆ ಬರಬೇಡಿ.

ದ್ರವದಿಂದ ತಣಿಸುವ ಕೂಲರ್ ಬೇಕೇ ಎಂದು ಮುಂದೆ ಯಾರಾದರೂ ಕೇಳಬಹುದು. ನಿಮ್ಮ ಕ್ಯಾಬಿನೆಟ್‌ನ ಮುಂಭಾಗವೇ ಮುಚ್ಚಿರುವಾಗ ರೇಡಿಯೇಟರ್‌ಗೆ ತಣ್ಣನೆಯ ಗಾಳಿ ಎಲ್ಲಿಂದ ಸಿಗಬೇಕು? ಪಂಪ್ ಎಂಬ ಇನ್ನೊಂದು ಸವೆಯುವ ಭಾಗ ಸೇರಿಕೊಳ್ಳುತ್ತದೆ, ವರ್ಷಗಳು ಕಳೆದಂತೆ ಕೊಳವೆಗಳ ಮೂಲಕ ದ್ರವವೂ ಸ್ವಲ್ಪಸ್ವಲ್ಪವೇ ಆವಿಯಾಗುತ್ತದೆ. ನಿಮ್ಮ ಅಗತ್ಯಕ್ಕೆ ಅದು ಬೇಡ. ಥರ್ಮಲ್ ಪೇಸ್ಟ್‌ನ ಬದಲು ದ್ರವಲೋಹ ಹಚ್ಚುವ ಪ್ರಯೋಗವಂತೂ ಬೇಡವೇ ಬೇಡ. ಅದು ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಬೋರ್ಡ್ ಮೇಲೆ ಚೆಲ್ಲಿದರೆ ಶಾರ್ಟ್ ಆಗುತ್ತದೆ.

ಧೂಳಿನ ಬಗ್ಗೆ: ಮೆಟ್ರೊ ಕಾಮಗಾರಿ, ಅಗೆದ ರಸ್ತೆಗಳ ನಡುವೆ ಇರುವ ಮನೆಗಳಿಂದ ಬರುವ ಯಂತ್ರಗಳಲ್ಲಿ ಕೂಲರ್‌ನ ರೆಕ್ಕೆಗಳ ನಡುವೆ ಕಂಬಳಿಯಂಥ ಪದರವೇ ಕಟ್ಟಿರುತ್ತದೆ. ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮುನ್ನ ಯುಗಾದಿಗೆ ಮತ್ತು ಮಳೆಗಾಲ ಕಳೆದ ಮೇಲೆ ಆಯುಧಪೂಜೆಗೆ ಶುಚಿಗೊಳಿಸುವ ರೂಢಿ ಇಟ್ಟುಕೊಂಡರೆ ಮರೆಯುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಿ, ಗಾಳಿಯ ರಭಸಕ್ಕೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಬನಶಂಕರಿ ನಿವಾಸಿ (ಪ್ರಶ್ನೆ ಕೇಳಿದವರು)

ಮೈಕ್ರೊಕೋಡ್ ನಿಜಕ್ಕೂ ಹಳೆಯದಾಗಿತ್ತು. ಯುಪಿಎಸ್ ಮೇಲೆ ಬಯಾಸ್ ನವೀಕರಿಸಿ, ಯಂತ್ರವನ್ನು ಗೂಡಿನಿಂದ ಹೊರತಂದು, 115 ಮತ್ತು 140ರ ಮಿತಿ ಹಾಕಿದೆ. ಅದೇ ಸಿನೆಬೆಂಚ್ ಪರೀಕ್ಷೆಯಲ್ಲಿ ಈಗ 87 ಡಿಗ್ರಿ. ಅಂಕ ಇಳಿದಿದೆ, ಆದರೆ ಅಲ್ಪ. ಮೊದಲು ಗೂಡಿನಲ್ಲಿದ್ದಾಗಲೂ ಅದು 130 ವ್ಯಾಟ್‌ಗಿಂತ ಹೆಚ್ಚು ನಿಲ್ಲಿಸಿಕೊಳ್ಳುತ್ತಿರಲಿಲ್ಲವಲ್ಲ. ಆಟದಲ್ಲಿ 80ರ ಆಸುಪಾಸಿನಲ್ಲಿದೆ, ಚಿತ್ರ ತಡವರಿಸುವುದು ನಿಂತಿದೆ. ನೀವು ಹೇಳಿದ ದೋಷಸಂದೇಶ ನನಗೆ ಎಂದೂ ಬಂದಿಲ್ಲ. ನಾನು ವಿಡಿಯೊ ಕೆಲಸವನ್ನೂ ಮಾಡುವುದರಿಂದ ಕೂಲರ್ ಬದಲಿಸುವ ಮನಸ್ಸಿದೆ. ಹೊಸ ಕೂಲರ್ ಹಾಕಿದರೂ ಉಳಿದ ಭಾಗಗಳ ವಾರಂಟಿ ಮುಂದುವರಿಯುತ್ತದೆ ಎಂದು ಅಂಗಡಿಯಿಂದ ಇಮೇಲ್ ಬಂದಿದೆ. ಫ್ಯಾನಿನ ಸದ್ದು ಮಾತ್ರ ಏರುತ್ತಾ ಇಳಿಯುತ್ತಾ ಇರುತ್ತದೆ.

ರಾಜಾಜಿನಗರದ ರಿಪೇರಿಗಾರ

ಪ್ರೊಸೆಸರ್‌ನ ಉಷ್ಣಾಂಶ ಕ್ಷಣಕ್ಷಣಕ್ಕೂ ಜಿಗಿಯುವುದರಿಂದ ಫ್ಯಾನ್ ಅದನ್ನು ಬೆನ್ನಟ್ಟುತ್ತಿದೆ. ಬಯಾಸ್‌ನ ಫ್ಯಾನ್ ವಿಭಾಗದಲ್ಲಿ ವೇಗ ಏರುವ ಮತ್ತು ಇಳಿಯುವ ವಿಳಂಬವನ್ನು ಕೆಲವು ಸೆಕೆಂಡ್‌ಗಳಿಗೆ ಹೆಚ್ಚಿಸಿ, 60 ಡಿಗ್ರಿಯವರೆಗೆ ವೇಗವನ್ನು ಒಂದೇ ಮಟ್ಟದಲ್ಲಿ ಇಡಿ. ಹೊಸ ಕೂಲರ್ ಹಾಕಿದ ಮೇಲೆ ಪಿಎಲ್1 ಅನ್ನು 10 ವ್ಯಾಟ್‌ನಂತೆ ಏರಿಸುತ್ತಾ ಹೋಗಿ, ಅದೇ ಪರೀಕ್ಷೆಯಲ್ಲಿ 90 ಡಿಗ್ರಿ ದಾಟುವ ಮುನ್ನ ನಿಲ್ಲಿಸಿ. ಹಳೆಯ ಕೂಲರನ್ನೂ ಅದರ ಸ್ಕ್ರೂಗಳನ್ನೂ ಎಸೆಯಬೇಡಿ. ಯಂತ್ರವನ್ನು ವಾರಂಟಿಗೆ ಕಳುಹಿಸುವ ಸಂದರ್ಭ ಬಂದರೆ ಭಾರದ ಕೂಲರನ್ನು ಬಿಚ್ಚಿ ಹಳೆಯದನ್ನೇ ಕೂರಿಸಿ ಕಳುಹಿಸಿ, ಗ್ರಾಫಿಕ್ಸ್ ಕಾರ್ಡನ್ನು ಬೇರೆ ಪೆಟ್ಟಿಗೆಯಲ್ಲಿ ಕಟ್ಟಿ.